ಮುಂಬಾಗಿದ ಟ್ರಕ್ಕನ್ನು ಸಮಮಾಡುವ ಬಗೆ

ಅಮೆರಿಕದ ಹಳ್ಳಿಗಾಡಿನಲ್ಲಿ ಪಿಕಪ್ ಎಂಬ ಸಣ್ಣ ಟ್ರಕ್ಕು ರೈತನ ಬಲಗೈಯಿದ್ದಂತೆ. ನಾಲ್ಕು ಚಕ್ರಗಳಿಗೂ ಎಂಜಿನಿನ ಶಕ್ತಿಯನ್ನು ಹಂಚಬಲ್ಲ ಇಂಥ ಹಳೆಯ ಟ್ರಕ್ಕೊಂದು ಬರಿದಾಗಿ ನಿಂತಿರುವಾಗ ಪಕ್ಕದಿಂದ ನೋಡಿದರೆ, ಅದು ಮೇವಿಗೆ ತಲೆ ಬಗ್ಗಿಸಿದ ಎತ್ತಿನಂತೆ ಕಾಣುತ್ತದೆ. ಹಿಂಭಾಗ ಎತ್ತರ, ಮುಂಭಾಗ ತಗ್ಗು. ಇದನ್ನು ಸಮಮಾಡಬೇಕೆಂಬ ಆಸೆ ಒಡೆಯನಿಗೆ ಸಹಜ. ಆದರೆ ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕಲ್ಲವೆ? ಅಲ್ಪ ವೆಚ್ಚದಲ್ಲಿ ಇದು ಹೇಗೆ ಸಾಧ್ಯ, ಇದರಿಂದ ಏನೇನು ಪರಿಣಾಮಗಳುಂಟಾಗುತ್ತವೆ ಎಂಬುದನ್ನು ನಾವು ಪರಿಶೀಲಿಸೋಣ.

ಮೊದಲು ಈ ಓರೆಯ ಕಾರಣವನ್ನು ತಿಳಿಯಬೇಕು. ಸ್ಪ್ರಿಂಗಿನ ಕುಗ್ಗುವಿಕೆಯು ಅದರ ಮೇಲಿನ ಭಾರಕ್ಕೆ ಅನುಪಾತದಲ್ಲಿರುತ್ತದೆಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಹಿಂದಿನ ಎರಡು ಕಮಾನುಪಟ್ಟಿಗಳು ಒಟ್ಟಾಗಿ ಒಂದು ಮಿಲಿಮೀಟರ್ ಕುಗ್ಗಲು 80 ನ್ಯೂಟನ್ ಬಲ ಬೇಕೆಂದಿಟ್ಟುಕೊಳ್ಳೋಣ. ಹಿಂದಿನ ಅಚ್ಚಿನ ಮೇಲೆ 500 ಕಿಲೋಗ್ರಾಂ ಹೇರಿದರೆ ಸುಮಾರು 4,900 ನ್ಯೂಟನ್ ಬಲವುಂಟಾಗಿ ಹಿಂಭಾಗವು 6 ಸೆಂಟಿಮೀಟರ್ ಇಳಿಯುತ್ತದೆ. ಆಗ ಟ್ರಕ್ಕು ತಾನಾಗಿಯೇ ಸಮನಾಗುತ್ತದೆ. ತಯಾರಕರು ಹಿಂಭಾಗವನ್ನು ಎತ್ತರಿಸಿದ್ದು ಹೇರಿನ ಲೆಕ್ಕವನ್ನಿಟ್ಟುಕೊಂಡೇ ಹೊರತು ಅಜಾಗ್ರತೆಯಿಂದಲ್ಲ.

ಆದರೆ ವಾಹನವು ಹಳೆಯದಾದರೆ ಮುಂದಿನ ಸ್ಪ್ರಿಂಗುಗಳು ಜಗ್ಗಿರಲೂಬಹುದು. ಆದುದರಿಂದ ಮೊದಲು ಕೈಗೆತ್ತಿಕೊಳ್ಳಬೇಕಾದ ಉಪಕರಣ ಅಳತೆಪಟ್ಟಿ. ಟೈರುಗಳಲ್ಲಿ ಸರಿಯಾದ ಗಾಳಿ ತುಂಬಿ, ಸಮನೆಲದಲ್ಲಿ ನಿಲ್ಲಿಸಿ, ನಾಲ್ಕು ಚಕ್ರಗಳ ಬಳಿಯೂ ಎತ್ತರವನ್ನು ಬರೆದಿಟ್ಟುಕೊಳ್ಳಬೇಕು. ಎಡಬಲಗಳಲ್ಲಿ ಹೆಚ್ಚು ವ್ಯತ್ಯಾಸ ಕಂಡರೆ ದೋಷವು ಸವೆದ ಭಾಗದಲ್ಲಿದೆ. ಅದನ್ನು ಬದಲಾಯಿಸುವುದೇ ಮೊದಲ ಕೆಲಸ.

ಇನ್ನು ಉಪಾಯಗಳು. 1988ರಿಂದ 1998ರವರೆಗಿನ ಷೆವ್ರೊಲೆ ನಾಲ್ಕುಚಕ್ರ ಚಾಲನೆಯ ಪಿಕಪ್ಪುಗಳಲ್ಲಿಯೂ 1986ರಿಂದ 1995ರವರೆಗಿನ ಟೊಯೊಟಾ ಪಿಕಪ್ಪುಗಳಲ್ಲಿಯೂ ಮುಂಭಾಗವನ್ನು ಹೊರುವುದು ಸುರುಳಿಯಲ್ಲ, ತಿರುಚುವ ಉಕ್ಕಿನ ಸರಳು. ಇದರ ಒಂದು ತುದಿ ಚಕ್ರದ ತೋಳಿಗೂ ಇನ್ನೊಂದು ತುದಿ ಒಂದು ಕೀಲಿಯ ಮೂಲಕ ಚೌಕಟ್ಟಿಗೂ ಸೇರಿರುತ್ತದೆ. ಕೀಲಿಯನ್ನೊತ್ತುವ ಬೋಲ್ಟನ್ನು ತಿರುಗಿಸಿದರೆ ಮುಂಭಾಗ ಏರುತ್ತದೆ. ಖರ್ಚಿಲ್ಲದ ಉಪಾಯವಿದು.

ಬೋಲ್ಟನ್ನು ಬಿಗಿದಂತೆಲ್ಲ ಸರಳು ಗಡುಸಾಗುತ್ತದೆಂದು ಅನೇಕರು ನಂಬಿದ್ದಾರೆ. ಇದು ತಪ್ಪು. ತಿರುಚಿನ ಕೋನವು ತಿರುಚುವ ಬಲಕ್ಕೆ ಅನುಪಾತದಲ್ಲಿರುತ್ತದೆಂದೂ, ಗಡುಸುತನವು ವ್ಯಾಸ, ಉದ್ದ ಮತ್ತು ಲೋಹದ ಗುಣಗಳನ್ನು ಅವಲಂಬಿಸುತ್ತದೆಂದೂ ಕೂಲಂಬ್ 1784ರಲ್ಲಿ ತಂತಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದನು. ಟ್ರಕ್ಕಿನ ತೂಕ ಬದಲಾಗಿಲ್ಲ. ಸರಳಿನ ಉದ್ದವಾಗಲಿ ವ್ಯಾಸವಾಗಲಿ ಬದಲಾಗಿಲ್ಲ. ಆದುದರಿಂದ ನಿಂತ ವಾಹನದಲ್ಲಿ ಸರಳಿನ ತಿರುಚು ಹೆಚ್ಚುಕಡಿಮೆ ಮೊದಲಿನಷ್ಟೇ. ಸರಳು ಇಡಿಯಾಗಿ ಹೊರಳಿ, ತೋಳನ್ನು ಕೆಳಕ್ಕೆ ಒಯ್ದಿದೆ, ಅಷ್ಟೆ.

ಹಾಗಾದರೆ ಸವಾರಿ ಒರಟಾಗುವುದೇಕೆ? ಚಕ್ರವು ಕೆಳಗಿಳಿಯಲು ಮೊದಲು 8 ಸೆಂಟಿಮೀಟರ್ ಅವಕಾಶವಿದ್ದು, ನಾವು ಮುಂಭಾಗವನ್ನು 5 ಸೆಂಟಿಮೀಟರ್ ಎತ್ತಿದರೆ ಉಳಿಯುವುದು 3 ಮಾತ್ರ. ಗುಂಡಿ ಬಂದೊಡನೆ ತೋಳು ತಡೆಗೆ ಬಡಿಯುತ್ತದೆ. ಚಕ್ರಕ್ಕೆ ಶಕ್ತಿ ಒಯ್ಯುವ ದಂಡದ ಕೀಲುಗಳು ಓರೆಯಾಗಿ ದುಡಿದು ಬೇಗ ಸವೆಯುತ್ತವೆ. ಚಕ್ರಗಳ ಜೋಡಣೆ ತಪ್ಪಿ ಟೈರಿನ ಅಂಚು ತೇಯುತ್ತದೆ. ಆದುದರಿಂದ ಸ್ವಲ್ಪ ಸ್ವಲ್ಪವಾಗಿ ಎತ್ತಿ, ಪ್ರತಿಸಲವೂ ವಾಹನವನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸಿ ಅಳೆಯಬೇಕು; ಕೊನೆಗೆ ಜೋಡಣೆಯನ್ನು ಪರೀಕ್ಷಿಸಲೇಬೇಕು. ಹಣ ಉಳಿಸುವ ಭರದಲ್ಲಿ ಈ ಒಂದು ಖರ್ಚನ್ನು ಬಿಡಬಾರದು.

ಕೀಲಿಯನ್ನೇ ಕಳಚುವವರು ಇನ್ನೊಂದು ಲೆಕ್ಕವನ್ನು ನೆನಪಿಡಬೇಕು. ಒಂದು ಚಕ್ರದ ಮೇಲೆ 500 ಕಿಲೋಗ್ರಾಂ ಭಾರವಿದ್ದು, ಆ ಭಾರದಿಂದ ಸರಳು ಚಕ್ರದ ಬಳಿ 15 ಸೆಂಟಿಮೀಟರಿನಷ್ಟು ಮಣಿದಿದ್ದರೆ, ಅದರಲ್ಲಿ ಅಡಗಿರುವ ಶಕ್ತಿ ಸುಮಾರು 370 ಜೂಲ್; 37 ಕಿಲೋಗ್ರಾಂ ಕಲ್ಲೊಂದು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಚೌಕಟ್ಟನ್ನು ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಿ, ಚಕ್ರಗಳನ್ನು ಇಳಿಬಿಟ್ಟು, ತಕ್ಕ ಸಾಧನದಿಂದಲೇ ಈ ಕೆಲಸ ಮಾಡಬೇಕು.

1994ರಿಂದ 2001ರವರೆಗಿನ ನಾಲ್ಕುಚಕ್ರ ಚಾಲನೆಯ ಡಾಡ್ಜ್ ರ‍್ಯಾಮ್ ಪಿಕಪ್ಪಿನಲ್ಲಿ ಮುಂದೆ ಗಟ್ಟಿ ಅಚ್ಚೂ ಸುರುಳಿ ಸ್ಪ್ರಿಂಗುಗಳೂ ಇವೆ. ಇಲ್ಲಿ ಸುರುಳಿಯ ತಲೆಯ ಮೇಲೆ ದಪ್ಪನೆಯ ಬಿಲ್ಲೆಯನ್ನಿಡುತ್ತಾರೆ. ಬಿಲ್ಲೆ ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟೇ ಏರಿಕೆ. ಗಡುಸುತನ ಇಲ್ಲಿಯೂ ಬದಲಾಗದು.

ಮುಂದನ್ನು ಎತ್ತುವ ಬದಲು ಹಿಂದನ್ನೇ ಇಳಿಸಬಾರದೇಕೆ? ಹಲವು ಟ್ರಕ್ಕುಗಳಲ್ಲಿ ಕಮಾನುಪಟ್ಟಿಗೂ ಅಚ್ಚಿಗೂ ನಡುವೆ ಒಂದು ದಿಮ್ಮಿಯಿರುತ್ತದೆ. ಅದನ್ನು ತೆಗೆದು ಗಿಡ್ಡನೆಯದನ್ನಿಟ್ಟು, ಹೊಸ ಬಿಗಿಬೋಲ್ಟುಗಳನ್ನು ಹಾಕಿದರೆ ಕೆಲಸ ಮುಗಿಯಿತು. ಅಗ್ಗ, ಆದರೆ ಇಲ್ಲೊಂದು ಅಪಾಯ ಅಡಗಿದೆ. ಕೆಲವು ಹಳೆಯ ಪಿಕಪ್ಪುಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೊಂದಿಸುವ ಕವಾಟವಿದೆ. ಅಚ್ಚಿಗೂ ಚೌಕಟ್ಟಿಗೂ ಇರುವ ದೂರವೇ ಅದಕ್ಕೆ ತಕ್ಕಡಿ. ದಿಮ್ಮಿ ತೆಗೆದೊಡನೆ ಈ ದೂರ ಕುಗ್ಗುತ್ತದೆ. ಕವಾಟವು ಹೇರು ಬಂದಿತೆಂದು ಬಗೆದು ಹೆಚ್ಚು ಒತ್ತಡ ಕೊಡುತ್ತದೆ. ಹಗುರವಾದ ಹಿಂಚಕ್ರಗಳು ಒದ್ದೆ ರಸ್ತೆಯಲ್ಲಿ ಕಚ್ಚಿ ನಿಂತರೆ ವಾಹನ ಅಡ್ಡತಿರುಗುತ್ತದೆ. ಕವಾಟದ ಕಡ್ಡಿಯನ್ನು ಮರುಹೊಂದಿಸದೆ ಈ ಕೆಲಸಕ್ಕೆ ಕೈಹಾಕಬಾರದು.

ಕೊನೆಯದಾಗಿ ದೀಪಗಳು. ಮುಂದಿನ ಮತ್ತು ಹಿಂದಿನ ಅಚ್ಚುಗಳ ಅಂತರ 330 ಸೆಂಟಿಮೀಟರ್ ಇರುವಾಗ ಮುಂಭಾಗ 5 ಸೆಂಟಿಮೀಟರ್ ಏರಿದರೆ ಓರೆ ಬದಲಾಗುವುದು ಒಂದು ಡಿಗ್ರಿಗೂ ಕಡಿಮೆ. ಆದರೂ 50 ಮೀಟರ್ ದೂರದಲ್ಲಿ ಬೆಳಕಿನ ಕಿರಣ ಸುಮಾರು 75 ಸೆಂಟಿಮೀಟರ್ ಮೇಲೇರಿ, ಎದುರಿನವರ ಕಣ್ಣು ಕುಕ್ಕುತ್ತದೆ. ದೀಪಗಳನ್ನು ತಗ್ಗಿಸುವುದಕ್ಕೆ ಬೇಕಾದುದು ಒಂದು ತಿರುಪುಳಿ ಮಾತ್ರ.

ಬರಿದಾದಾಗ ಸಮನಾಗಿರುವ ಟ್ರಕ್ಕು ಹೇರು ಹೊತ್ತಾಗ ಮೂಗೆತ್ತಿ ನಿಲ್ಲುತ್ತದೆ. ಆಗ ದೀಪಗಳೂ ಮತ್ತೆ ಮೇಲೆದ್ದಿರುತ್ತವೆ. ವಾರವೆಲ್ಲ ಹೇರು ಸಾಗಿಸುವವನಿಗೆ ಹಳೆಯ ಓರೆಯೇ ಮೇಲು. ವಿರಳವಾಗಿ ಹೇರುವವನು ಪೂರ್ತಿ ಸಮಮಾಡದೆ, ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತರವಾಗಿಯೇ ಉಳಿಸಿಕೊಳ್ಳುವುದು ಒಳ್ಳೆಯದು. ಕಣ್ಣಿಗೆ ಸಮವಾದುದೆಲ್ಲವೂ ಕೆಲಸಕ್ಕೆ ಸಮವಾಗಲಾರದು.