ಗಂಡಸಿನ ಗಂಟಲಲ್ಲಿ ಹೆಣ್ಣುದನಿ: ಇದು ‘ಕ್ಯಾಸ್ಟ್ರಾಟೊ’ ಕಂಠವೇ?

ಗಂಡಸೊಬ್ಬ ಹೆಣ್ಣಿನಷ್ಟು ಎತ್ತರದ ಸ್ವರದಲ್ಲಿ ಹಾಡುವ ವಿಡಿಯೊ, ಜೊತೆಗೆ ‘ಇಟಲಿಯ ಕ್ಯಾಸ್ಟ್ರಾಟೊ ದನಿ ಇದೇ’ ಎಂಬ ಒಕ್ಕಣೆ. ಇಂಥದ್ದು ಬಂದರೆ ಫಾರ್ವರ್ಡ್ ಮಾಡುವ ಮುನ್ನ ನಿಲ್ಲಿ. ಆತ ಸಾಮಾನ್ಯವಾಗಿ ಕೌಂಟರ್‌ಟೆನರ್. ಮಾತಾಡುವಾಗ ಅವನದೂ ಗಂಡುದನಿಯೇ. ಹಾಡುವಾಗ ಧ್ವನಿತಂತುಗಳ ಅಂಚು ಮಾತ್ರ ಕಂಪಿಸುವಂತೆ ಪಳಗಿಸಿಕೊಂಡಿರುತ್ತಾನೆ. ನಮ್ಮ ಸಂಗೀತದವರು ಕಳ್ಳದನಿ ಎನ್ನುತ್ತಾರಲ್ಲ, ಆ ಜಾತಿಯದು.

ಕ್ಯಾಸ್ಟ್ರಾಟೊ ಕಥೆ ಬೇರೆ, ಕ್ರೂರ ಕೂಡ. ದನಿ ಒಡೆಯುವ ಮೊದಲೇ ಹುಡುಗನಿಗೆ ಶಸ್ತ್ರಚಿಕಿತ್ಸೆ ಮಾಡಿ ವೃಷಣಗಳು ಕೆಲಸ ಮಾಡದಂತೆ ಮಾಡುತ್ತಿದ್ದರು. ಟೆಸ್ಟೊಸ್ಟೆರಾನ್ ಇಲ್ಲದೆ ಧ್ವನಿತಂತುಗಳು ಚಿಕ್ಕವಾಗಿಯೇ ಉಳಿಯುತ್ತಿದ್ದವು. ಎದೆಗೂಡು, ಶ್ವಾಸಕೋಶ ಮಾತ್ರ ದೊಡ್ಡವರಷ್ಟು ಬೆಳೆಯುತ್ತಿದ್ದವು. ಬಾಲಕನ ಗಂಟಲಿಗೆ ದೊಡ್ಡವರ ಉಸಿರು! ಎಷ್ಟು ಸಾಧನೆ ಮಾಡಿದರೂ ಇದು ಬರುವಂಥದ್ದಲ್ಲ.

ನಿಜವಾದ ದನಿ ಕೇಳಬೇಕೆ? ಅಲೆಸ್ಸಾಂಡ್ರೊ ಮೊರೆಸ್ಕಿ 1902 ಮತ್ತು 1904ರಲ್ಲಿ ಹಾಡಿದ ಧ್ವನಿಮುದ್ರಣಗಳಿವೆ. ಆಗಲೇ ಆತನಿಗೆ ನಲವತ್ತು ದಾಟಿತ್ತು, ಯಂತ್ರದ ಗರಗರ ಸದ್ದು ಬೇರೆ. ಮೊದಲ ಸಲ ಕೇಳಿದರೆ ನಿರಾಸೆಯೇ ಆದೀತು. ಇನ್ನು 1994ರ ‘ಫಾರಿನೆಲ್ಲಿ’ ಸಿನಿಮಾದ ಇಂಪಾದ ದನಿಯೋ, ಒಬ್ಬ ಕೌಂಟರ್‌ಟೆನರ್ ಮತ್ತು ಒಬ್ಬ ಗಾಯಕಿಯ ಕಂಠಗಳನ್ನು ಕಂಪ್ಯೂಟರಿನಲ್ಲಿ ಬೆಸೆದು ತಯಾರಿಸಿದ್ದು.