ತಳ್ಳಿದರೆ ಹೋಗುತ್ತೆ, ನಿಲ್ಲಿಸೋದು ಹೇಗೆ?

ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲೋ ಬನ್ನೇರುಘಟ್ಟ ರಸ್ತೆಯಲ್ಲೋ ಸಂಜೆ ಹೊತ್ತು ಓಡಾಡುವವರಿಗೆ ಈ ನೋಟ ಹೊಸದಲ್ಲ. ಗ್ಯಾಸ್ ಮುಗಿದ ಆಟೊ ಮುಂದೆ, ಸ್ವಲ್ಪ ಓರೆಯಾಗಿ ಇನ್ನೊಂದು ಆಟೊ ಹಿಂದೆ. ಹಿಂದಿನ ಚಾಲಕ ಒಂದು ಕಾಲನ್ನು ಹೊರಗೆ ಚಾಚಿ, ಚಪ್ಪಲಿ ಮೆಟ್ಟಿದ ಪಾದವನ್ನು ಮುಂದಿನ ಗಾಡಿಯ ಹಿಂಬದಿಗೆ ಒತ್ತಿ ಹಿಡಿದು, ಆಕ್ಸಿಲರೇಟರ್ ತಿರುಗಿಸುತ್ತಾನೆ. ಎರಡೂ ಗಾಡಿಗಳು ಸಿಗ್ನಲ್ ದಾಟಿ ಬಂಕ್ ಸೇರುತ್ತವೆ. ಯಾರಿಗೂ ಫೋನ್ ಮಾಡಬೇಕಿಲ್ಲ, ಕಾಸೂ ಖರ್ಚಿಲ್ಲ.

ಒಂದು ಕಾಲಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಶಕ್ತಿಯೇನೂ ಹೆಚ್ಚು ಬೇಕಿಲ್ಲ. ಗಾಳಿ ತುಂಬಿದ ರಬ್ಬರ್ ಚಕ್ರ ಟಾರು ರಸ್ತೆಯ ಮೇಲೆ ಉರುಳುವಾಗ ಎದುರಾಗುವ ತಡೆ, ಗಾಡಿಯ ತೂಕದ ನೂರರಲ್ಲಿ ಒಂದೂವರೆ ಪಾಲಿನಷ್ಟು ಮಾತ್ರ. ಚಾಲಕನೂ ಸೇರಿ ಸುಮಾರು 400 ಕೆ.ಜಿ. ತೂಗುವ ಆಟೊವನ್ನು ಸಮತಟ್ಟಾದ ರಸ್ತೆಯಲ್ಲಿ ಓಡಿಸುತ್ತಿರಲು ಆರೇಳು ಕೆ.ಜಿ. ಎತ್ತುವಷ್ಟು ಬಲ ಸಾಕು. 1200 ಕೆ.ಜಿ.ಯ ಕಾರಿಗೂ 18 ಕೆ.ಜಿ.ಯಷ್ಟು ಬಲ ಸಾಕಾಗುತ್ತದೆ. ನಿಂತದ್ದನ್ನು ಅಲುಗಾಡಿಸಲು ಇನ್ನಷ್ಟು ಹಾಕಬೇಕು, ಅಷ್ಟೆ. ‘ಸ್ವಲ್ಪ ಕೈ ಹಾಕಿ ಸಾರ್’ ಎಂದಾಗ ದಾರಿಹೋಕರಿಬ್ಬರು ಬಂದರೆ ಕೆಲಸ ಆಗುವುದು ಇದರಿಂದಲೇ.

ಏರು ಬಂದರೆ ಲೆಕ್ಕ ಬೇರೆ. ನೂರು ಮೀಟರಿಗೆ ಐದು ಮೀಟರ್ ಏರುವ ಮೇಲ್ಸೇತುವೆಯಲ್ಲಿ ಅದೇ ಕಾರಿಗೆ 60 ಕೆ.ಜಿ.ಯಷ್ಟು ಬಲ ಹೆಚ್ಚುವರಿಯಾಗಿ ಬೇಕು. ಸಮತಟ್ಟಿನಲ್ಲಿ ಆಟವಾಡಿದಂತೆ ತಳ್ಳಿದವರು ಅಲ್ಲಿ ಏದುಸಿರು ಬಿಡುತ್ತಾರೆ. ಇಳಿಜಾರಿನಲ್ಲಾದರೆ ಅದೇ 60 ಕೆ.ಜಿ. ಕಾರನ್ನು ತಳ್ಳುವವರ ಕೈಯಿಂದ ಕಿತ್ತುಕೊಂಡು ಹೋಗುತ್ತದೆ.

ಕೆಟ್ಟು ನಿಂತ ಗಾಡಿಯ ವಿಚಾರದಲ್ಲಿ ನಾವು ಎಡವುವುದು ಇಲ್ಲೇ. ಚಲಿಸುವಂತೆ ಮಾಡುವುದು ಸುಲಭ. ತಿರುಗಿಸುವುದು, ನಿಲ್ಲಿಸುವುದು ಕಷ್ಟ. ಎಂಜಿನ್ ಆಫ್ ಆದ ಕಾರಿನಲ್ಲಿ ಪವರ್ ಸ್ಟಿಯರಿಂಗ್ ಕೆಲಸ ಮಾಡುವುದಿಲ್ಲ. ಬ್ರೇಕಿಗೆ ನೆರವಾಗುವುದು ಎಂಜಿನ್ ಎಳೆಯುವ ಗಾಳಿಯಿಂದ ಉಂಟಾದ ನಿರ್ವಾತ. ಅದರ ದಾಸ್ತಾನು ಪೆಡಲನ್ನು ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿ. ಆಮೇಲೆ ಪೆಡಲ್ ಕಲ್ಲಿನಂತೆ ಬಿಗಿಯುತ್ತದೆ. ಬ್ರೇಕ್ ಸತ್ತಿರುವುದಿಲ್ಲ, ಆದರೆ ಹಲವು ಪಟ್ಟು ಬಲ ಹಾಕಿ ತುಳಿಯಬೇಕಾಗುತ್ತದೆ. ಇದು ಗೊತ್ತಿಲ್ಲದವರು ‘ಬ್ರೇಕ್ ಫೇಲ್’ ಎಂದು ಗಾಬರಿಯಾಗಿ ಕಾಲನ್ನೇ ತೆಗೆದುಬಿಡುತ್ತಾರೆ. ತಳ್ಳುವಾಗ ಕೀಲಿ ಕೈ ಹೊರಗೆ ತೆಗೆಯುವವರೂ ಇದ್ದಾರೆ. ಸ್ಟಿಯರಿಂಗ್ ಲಾಕ್ ಆಗಿ, ಕಾರು ತನಗೆ ತೋಚಿದ ಕಡೆಗೆ ಹೊರಳುತ್ತದೆ.

ಇನ್ನು ಹಗ್ಗ. ಕೆಟ್ಟ ವಾಹನ ಎಳೆಯುವುದಕ್ಕೆ ಕೇಂದ್ರ ಸರ್ಕಾರ 1989ರ ರಸ್ತೆ ನಿಯಮಗಳಲ್ಲೇ ಕಟ್ಟುಪಾಡು ಬರೆದಿಟ್ಟಿತ್ತು. ಎಳೆಸಿಕೊಳ್ಳುವ ಗಾಡಿಯಲ್ಲಿ ಲೈಸೆನ್ಸ್ ಇರುವವರೇ ಕೂರಬೇಕು, ಇಲ್ಲವೇ ಅದರ ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಭದ್ರಪಡಿಸಿರಬೇಕು. ಎರಡು ಗಾಡಿಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಇರಕೂಡದು. ವೇಗ ಗಂಟೆಗೆ 24 ಕಿ.ಮೀ. ದಾಟಕೂಡದು, ಹಿಂದೆ ಬಿಳಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ ‘ಆನ್ ಟೋ’ ಎಂಬ ಬರಹ ಇರಬೇಕು ಎಂದಿತ್ತು. 2017ರಲ್ಲಿ ಆ ನಿಯಮಗಳ ಜಾಗಕ್ಕೆ ಹೊಸವು ಬಂದವು. ಬನಶಂಕರಿ ದೇವಸ್ಥಾನದ ಮುಂದೆ ಹಾದುಹೋಗುವ ಹಗ್ಗ ಕಟ್ಟಿದ ಕಾರುಗಳಲ್ಲಿ ಆ ಹಲಗೆಯನ್ನು ಕಂಡವರು ಮಾತ್ರ ಅಪರೂಪ.

24 ಕಿ.ಮೀ. ವೇಗದಲ್ಲಿ ಐದು ಮೀಟರ್ ಕ್ರಮಿಸಲು ಮುಕ್ಕಾಲು ಸೆಕೆಂಡ್ ಸಾಕು. ಮುಂದಿನ ಕಾರಿನ ಬ್ರೇಕ್ ದೀಪ ಕಂಡು, ಕಾಲೆತ್ತಿ ಪೆಡಲ್ ತುಳಿಯಲು ಸಾಮಾನ್ಯ ಚಾಲಕನಿಗೆ ಒಂದರಿಂದ ಒಂದೂವರೆ ಸೆಕೆಂಡ್ ಹಿಡಿಯುತ್ತದೆ. ಅಂದರೆ ಆ ನಿಯಮ ಪಾಲಿಸಿದರೂ, ಮುಂದಿನವನು ದಿಢೀರ್ ಬ್ರೇಕ್ ಹಾಕಿದರೆ ಹಿಂದಿನವನು ಗುದ್ದುವುದು ಹೆಚ್ಚೂಕಮ್ಮಿ ಖಚಿತ. ಪಳಗಿದ ಮೆಕ್ಯಾನಿಕ್‌ಗಳು ಅದಕ್ಕೇ ಬೇರೆ ರೂಢಿ ಇಟ್ಟುಕೊಂಡಿದ್ದಾರೆ: ಬ್ರೇಕ್ ಹಿಡಿಯುವುದು ಹಿಂದಿನ ಕಾರಿನವನ ಕೆಲಸ. ಸಿಗ್ನಲ್ ದೂರದಲ್ಲಿರುವಾಗಲೇ ಅವನು ಹಗುರವಾಗಿ ತುಳಿಯುತ್ತ ಬರಬೇಕು, ಹಗ್ಗ ಒಂದು ಕ್ಷಣವೂ ಸಡಿಲಾಗದಂತೆ.

ಸಡಿಲಾದರೆ ಏನಾಗುತ್ತದೆ? ಎರಡೂ 1200 ಕೆ.ಜಿ.ಯ ಕಾರುಗಳು, ಹಗ್ಗ ಜೋತಾಡುತ್ತಿದೆ, ಮುಂದಿನ ಕಾರು ಬರೀ ಐದು ಕಿ.ಮೀ. ವೇಗದಲ್ಲಿ ಹೊರಟಿತು ಎನ್ನಿ. ಅದು ನಡಿಗೆಯ ವೇಗ. ಹಗ್ಗ ಬಿಗಿಯುವ ಗಳಿಗೆಯಲ್ಲಿ ಆ ಚಲನೆಯ ಒಂದು ಪಾಲು ಹಗ್ಗದ ಹಿಗ್ಗುವಿಕೆಯಲ್ಲಿ ಅಡಗಬೇಕು. ನೈಲಾನ್ ಹಗ್ಗ 30 ಸೆಂಟಿಮೀಟರ್ ಹಿಗ್ಗಿಕೊಟ್ಟರೆ ಹುಕ್ಕಿನ ಮೇಲೆ ಬೀಳುವ ಗರಿಷ್ಠ ಎಳೆತ ಸುಮಾರು 400 ಕೆ.ಜಿ. ಮೂರೇ ಸೆಂಟಿಮೀಟರ್ ಹಿಗ್ಗುವ ಸರಪಣಿಯಾದರೆ ಅದು ನಾಲ್ಕು ಟನ್ ಹತ್ತಿರ ಹೋಗುತ್ತದೆ. ‘ಕಬ್ಬಿಣದ ಚೈನ್ ಇದ್ದರೆ ಭದ್ರ’ ಎನ್ನುವ ನಂಬಿಕೆ ತಲೆಕೆಳಗಾಗುವುದು ಹೀಗೆ. ಚೈನ್ ಭದ್ರವಾಗಿಯೇ ಉಳಿಯುತ್ತದೆ, ಹುಕ್ ಕಿತ್ತುಬರುತ್ತದೆ. ಕಿತ್ತ ಹುಕ್ ಹಗ್ಗದ ಸೆಳೆತಕ್ಕೆ ಯಾವ ಕಡೆ ಹಾರುತ್ತದೆಂದು ಹೇಳಲಾಗದು. ಎಳೆಯುವ ಹೊತ್ತಿನಲ್ಲಿ ಹಗ್ಗದ ಪಕ್ಕ ನಿಂತು ಸಲಹೆ ಕೊಡುವ ಮಹನೀಯರು ದೂರ ಸರಿದಷ್ಟೂ ಒಳ್ಳೆಯದು. ಹಗ್ಗದ ನಡುವೆ ಹಳೆಯ ಗೋಣಿಯನ್ನೋ ದಪ್ಪ ಕಂಬಳಿಯನ್ನೋ ಹಾಸಿದರೆ, ತುಂಡಾದಾಗ ಅದು ಚಿಮ್ಮುವ ರಭಸ ತಗ್ಗುತ್ತದೆ.

ಹುಕ್ ಎಲ್ಲಿದೆ ಎಂಬುದೇ ಎಷ್ಟೋ ಮಾಲೀಕರಿಗೆ ಗೊತ್ತಿರುವುದಿಲ್ಲ. ಈಗಿನ ಬಹುತೇಕ ಕಾರುಗಳಲ್ಲಿ ಅದು ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕ ಜ್ಯಾಕ್ ಜತೆ ಮಲಗಿರುತ್ತದೆ. ಬಂಪರ್‌ನಲ್ಲಿ ಅಂಗೈಗಿಂತ ಚಿಕ್ಕದೊಂದು ಮುಚ್ಚಳ. ಅದನ್ನು ಎಬ್ಬಿಸಿದರೆ ಒಳಗೆ ಮರೆ ಇರುವ ತೂತು. ಕೆಲವು ಕಾರುಗಳಲ್ಲಿ ಆ ಮರೆ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಅರ್ಧ ತಿರುಗಿಸಿ ‘ಕೂತಿತು’ ಎಂದುಕೊಂಡರೆ ನಾಲ್ಕು ಸುತ್ತಿನ ಮರೆಯ ಮೇಲೆ ಇಡೀ ಕಾರು ನೇತಾಡಿದಂತೆ. ಕಾರಿನ ಅಡಿ ಕಾಣುವ ಇನ್ನೊಂದು ಬಳೆಯಂಥ ಕಬ್ಬಿಣ ಹಲವು ಗಾಡಿಗಳಲ್ಲಿ ಇರುವುದು ಲಾರಿಯಲ್ಲಿ ಸಾಗಿಸುವಾಗ ಕಟ್ಟಿಹಾಕಲು, ಎಳೆಯಲು ಅಲ್ಲ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800ರ ಕಾಲದಲ್ಲಿ ಇಷ್ಟೆಲ್ಲ ಯೋಚಿಸಬೇಕಿರಲಿಲ್ಲ. ನ್ಯೂಟ್ರಲ್‌ಗೆ ಹಾಕಿದರೆ ಚಕ್ರಕ್ಕೂ ಎಂಜಿನ್‌ಗೂ ಸಂಬಂಧ ಕಡಿದಂತೆ. ಜಯನಗರದ ಮರಗಳ ನೆರಳಿನಲ್ಲಿ ತಳ್ಳಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಡುರ್ ಎಂದು ಹೊರಡುತ್ತಿತ್ತು. ಕಾರುಗಳು ಬದಲಾದವು, ನಮ್ಮ ರೂಢಿ ಬದಲಾಗಲಿಲ್ಲ. ಸಾಂಪ್ರದಾಯಿಕ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಎಣ್ಣೆ ಹಾಯಿಸುವ ಪಂಪು ಓಡುವುದು ಎಂಜಿನ್‌ನಿಂದ. ಎಂಜಿನ್ ನಿಂತಿದ್ದು ಚಕ್ರ ಮಾತ್ರ ಉರುಳಿದರೆ, ಒಳಗಿನ ಹಲ್ಲುಚಕ್ರಗಳು ಎಣ್ಣೆಯಿಲ್ಲದೆ ಒಣಗಿ ತಿರುಗುತ್ತವೆ. ಸಿವಿಟಿ ಗೇರ್‌ಬಾಕ್ಸ್‌ನ ಉಕ್ಕಿನ ಬೆಲ್ಟ್‌ಗೂ ಇದೇ ಗತಿ. ಲಾರಿ ತರಿಸುವ ಖರ್ಚು ಉಳಿಸಲು ಹೋಗಿ ಗೇರ್‌ಬಾಕ್ಸ್ ಬದಲಿಸಿದವರ ಕತೆ ಕೇಳಬೇಕಾದರೆ ಯಾವುದಾದರೂ ಗ್ಯಾರೇಜಿನ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಕೂತರೆ ಸಾಕು.

ಎಲೆಕ್ಟ್ರಿಕ್ ಕಾರಿನದು ಇನ್ನೂ ಸ್ವಾರಸ್ಯ. ಹೆಚ್ಚಿನವುಗಳಲ್ಲಿ ಮೋಟಾರು ಕಾಯಂ ಆಗಿ ಚಕ್ರಕ್ಕೆ ಕಚ್ಚಿಕೊಂಡಿರುತ್ತದೆ. ಮೋಟಾರಿನೊಳಗೆ ಶಾಶ್ವತ ಅಯಸ್ಕಾಂತಗಳಿದ್ದರೆ, ಚಕ್ರ ಉರುಳಿದೊಡನೆ ಅದು ಡೈನಮೊ ಆಗಿ ವಿದ್ಯುತ್ ಹುಟ್ಟಿಸುತ್ತದೆ. ನಿಯಂತ್ರಣ ವ್ಯವಸ್ಥೆ ಸತ್ತಿರುವಾಗ ಆ ವಿದ್ಯುತ್ತಿಗೆ ದಿಕ್ಕಿಲ್ಲ, ಬಿಸಿಯಾಗಿ ಇನ್ವರ್ಟರ್ ಕೆಡಬಹುದು. ಎಲೆಕ್ಟ್ರಿಕ್ ಕಾರುಗಳ ಕೈಪಿಡಿಗಳು ಸಾಮಾನ್ಯವಾಗಿ ನಾಲ್ಕೂ ಚಕ್ರ ನೆಲ ಬಿಟ್ಟಿರಲಿ ಎನ್ನುವುದು ಇದಕ್ಕೇ. ಮತ್ತೊಂದು ತಮಾಷೆ: ದೊಡ್ಡ ಬ್ಯಾಟರಿ ತುಂಬಿದ್ದರೂ ಇಂಥ ಕಾರು ಸತ್ತಂತೆ ನಿಲ್ಲಬಹುದು. ಅದರಲ್ಲೂ ಒಂದು ಪುಟ್ಟ 12 ವೋಲ್ಟ್ ಬ್ಯಾಟರಿ ಇದ್ದು, ದೊಡ್ಡ ಬ್ಯಾಟರಿಯ ಸ್ವಿಚ್ಚುಗಳನ್ನು ಮುಚ್ಚುವುದು ಅದೇ. ಅದು ಬರಿದಾದರೆ ಬಾಗಿಲೂ ತೆರೆಯದಿರಬಹುದು.

ಹಾಗಾಗಿ ಈಗ ಸರಿಯಾದ ಉತ್ತರ, ಕಾರನ್ನು ಬೆನ್ನ ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿ. ಟೋ ಟ್ರಕ್‌ನ ಮೂಲ ಅಮೆರಿಕದ ಚಟ್ಟನೂಗದಲ್ಲಿದೆ. ಹೊಳೆಗೆ ಬಿದ್ದ ಗೆಳೆಯನ ಕಾರನ್ನು ಹಗ್ಗ, ರಾಟೆ, ಜನಬಲ ಹಾಕಿ ಮೇಲೆತ್ತಿ ಸಾಕಾದ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜ್ ಮಾಲೀಕ 1916ರಲ್ಲಿ ತನ್ನ ಗಾಡಿಯ ಮೇಲೇ ಕ್ರೇನ್ ಕೂರಿಸಿದ. ಬೆಂಗಳೂರಿಗರಿಗೆ ಟೋಯಿಂಗ್ ಎಂದರೆ ನೆನಪಾಗುವುದು ಬೇರೆಯದೇ: ಮೈಕಿನಲ್ಲಿ ನಂಬರ್ ಕೂಗುತ್ತ ಬಂದು, ನೋ ಪಾರ್ಕಿಂಗ್‌ನಲ್ಲಿದ್ದ ಸ್ಕೂಟರುಗಳನ್ನು ಹುಡುಗರು ಎತ್ತಿ ಎಸೆಯುತ್ತಿದ್ದ ಲಾರಿ. ಜನರ ಸಿಟ್ಟು ಹೆಚ್ಚಿ 2022ರ ಫೆಬ್ರವರಿಯಲ್ಲಿ ಸರ್ಕಾರ ಅದಕ್ಕೆ ತಡೆ ಹಾಕಿತು. ಫ್ಲ್ಯಾಟ್‌ಬೆಡ್ ಬಂದಾಗ ನೋಡಬೇಕಾದ್ದು ಒಂದೇ. ಪಟ್ಟಿಗಳನ್ನು ಟೈರುಗಳ ಮೇಲೆ ಬಿಗಿಯುತ್ತಾರೋ, ಸಸ್ಪೆನ್ಷನ್‌ನ ತೋಳಿಗೆ ಸಿಕ್ಕಿಸುತ್ತಾರೋ? ತೋಳಿಗೆ ಹಾಕಿದರೆ, ಜೆಪಿ ನಗರದ ಹಂಪುಗಳ ಮೇಲೆ ಕುಲುಕಿ ಇಳಿಯುವಷ್ಟರಲ್ಲಿ ವೀಲ್ ಅಲೈನ್‌ಮೆಂಟ್ ಹೋಗಿರುತ್ತದೆ.

ಲಾರಿ ಬರುವ ತನಕದ ಹೊತ್ತು ಎಲ್ಲಕ್ಕಿಂತ ಅಪಾಯದ್ದು. ಸಿಲ್ಕ್ ಬೋರ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ, 2010ರಲ್ಲಿ ತೆರೆದ ಎತ್ತರದ ರಸ್ತೆಯಲ್ಲಿ, 2021ರ ಸೆಪ್ಟೆಂಬರ್‌ನ ಒಂದು ರಾತ್ರಿ, ವಾಹನ ನಿಲ್ಲಿಸಲೆಂದೇ ಮಾಡಿದ್ದ ಜಾಗದಲ್ಲಿ ಬೈಕಿನ ಜತೆ ನಿಂತಿದ್ದ ಇಬ್ಬರಿಗೆ ವೇಗದ ಕಾರೊಂದು ಗುದ್ದಿತು. ಇಬ್ಬರೂ ಮೇಲಿಂದ ಕೆಳಗೆ ಬಿದ್ದು ಪ್ರಾಣ ಬಿಟ್ಟರು. ಅವರು ತಪ್ಪಾದ ಜಾಗದಲ್ಲೇನೂ ನಿಂತಿರಲಿಲ್ಲ. 60 ಕಿ.ಮೀ. ವೇಗದ ಕಾರು ಅಪಾಯ ಕಂಡು ನಿಲ್ಲಲು, ಒಣ ರಸ್ತೆಯಲ್ಲೂ 45 ಮೀಟರ್ ಬೇಕು. 80ರ ವೇಗಕ್ಕೆ 70 ಮೀಟರ್. ಕೆಂಪು ತ್ರಿಕೋನವನ್ನು ಕಾರಿನ ಬೆನ್ನಿಗೆ ಒರಗಿಸಿಡುವವರು ಈ ಲೆಕ್ಕ ನೋಡಬೇಕು. ಕನಕಪುರ ರಸ್ತೆಯ ಲಾರಿ ಚಾಲಕರಿಗೆ ಇದು ಪುಸ್ತಕ ಓದದೆಯೇ ಗೊತ್ತು: ಸೊಪ್ಪಿನ ಕೊಂಬೆಯನ್ನು ಬಹಳ ಹಿಂದೆಯೇ ನೆಟ್ಟಿರುತ್ತಾರೆ. ಅವರ ಇನ್ನೊಂದು ಪದ್ಧತಿಯನ್ನು ಮಾತ್ರ ಹೊಗಳಲಾಗದು. ಚಕ್ರಕ್ಕೆ ಕೊಟ್ಟ ದಪ್ಪ ಕಲ್ಲುಗಳನ್ನು ನಡುರಸ್ತೆಯಲ್ಲೇ ಬಿಟ್ಟು ಹೊರಡುತ್ತಾರೆ. ರಾತ್ರಿ ಬೈಕಿನವನಿಗೆ ಅದೇ ಯಮ. ಕಾರಿನೊಳಗೆ ಕೂರದೆ, ಕಾರಿಗೂ ಬರುವ ವಾಹನಗಳಿಗೂ ನಡುವೆ ನಿಲ್ಲದೆ, ತಡೆಗೋಡೆಯ ಆಚೆಗೆ ಹೋಗಲು ಸಾಧ್ಯವಿದ್ದರೆ ಹೋಗಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ, ಎಲ್ಲಿಯಾದರೂ 112ಕ್ಕೆ ಕರೆ ಮಾಡಬಹುದು.

ನಿಂತ ಒಂದೇ ಕಾರು ಊರನ್ನೆಲ್ಲ ಕಟ್ಟಿಹಾಕುವುದಕ್ಕೂ ಗಣಿತವಿದೆ. ಮೂರು ಲೇನ್‌ಗಳಲ್ಲಿ ಒಂದು ಮುಚ್ಚಿದರೆ ರಸ್ತೆಯ ಸಾಮರ್ಥ್ಯದ ಮೂರರಲ್ಲಿ ಎರಡು ಪಾಲು ಉಳಿಯಬೇಕಲ್ಲ? ಅಮೆರಿಕದ ಹೆದ್ದಾರಿ ಎಂಜಿನಿಯರುಗಳ ಕೈಪಿಡಿ ಹೇಳುವ ಪ್ರಕಾರ ಉಳಿಯುವುದು ಅರ್ಧ ಮಾತ್ರ. ನುಸುಳುವವರು, ಬಗ್ಗಿ ನೋಡುವವರು ಉಳಿದದ್ದನ್ನು ತಿನ್ನುತ್ತಾರೆ. 2024ರ ಜುಲೈನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ತೆರೆದ ಡಬಲ್ ಡೆಕ್ಕರ್ ಸೇತುವೆಯ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಬಸ್ಸೊಂದು ಕೆಟ್ಟರೆ ಆಗುವ ಪಾಡನ್ನು ಊಹಿಸಿಕೊಳ್ಳಬಹುದು.

ಇನ್ನು ಗಾಡಿ ಕೆಡುವ ಕಾರಣಗಳು. ಬೇಸಿಗೆಯಲ್ಲಿ ಹೆಚ್ಚು ಕಾಡುವುದು ಬಿಸಿ. ಸಮುದ್ರಮಟ್ಟದಿಂದ 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ರೇಡಿಯೇಟರ್ ಕುಕ್ಕರಿನ ಹಾಗೆ ಒತ್ತಡದಲ್ಲಿರುವುದರಿಂದ ಒಳಗಿನ ದ್ರವ ಸುಮಾರು 120 ಡಿಗ್ರಿ ತನಕ ಕುದಿಯದೆ ತಡೆಯುತ್ತದೆ. ಹೊಗೆ ಕಂಡ ಕೂಡಲೇ ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದರೆ ಒತ್ತಡ ಇಳಿದು, ದ್ರವವೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಎಸಿ ಆಫ್ ಮಾಡಿ, ಬದಿಗೆ ನಿಲ್ಲಿಸಿ, ಅರ್ಧ ಗಂಟೆ ಸುಮ್ಮನಿರುವುದೇ ಚಿಕಿತ್ಸೆ.

ಮಳೆಗಾಲದ್ದು ಬೇರೆ ಕತೆ. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯ ನೀರಿನಲ್ಲಿ ಕಾರು ಸಿಕ್ಕಿಕೊಂಡು 22 ವರ್ಷದ ಯುವತಿ ಸತ್ತದ್ದನ್ನು ನಗರ ಮರೆತಿಲ್ಲ. 2025ರ ಮೇ 19ರ ಮಳೆಗೆ ಸಿಲ್ಕ್ ಬೋರ್ಡ್, ಬಿಟಿಎಂ ಸುತ್ತ ಮತ್ತೆ ನೀರು ನಿಂತಿತು. ಹೊರಗಿನ ನೀರು ಬಾಗಿಲ ತಳದಿಂದ 60 ಸೆಂಟಿಮೀಟರ್ ಏರಿದರೆ, ಒಂದು ಮೀಟರ್ ಅಗಲದ ಬಾಗಿಲಿನ ಮೇಲೆ ಸುಮಾರು 180 ಕೆ.ಜಿ. ಒತ್ತಡ ಬೀಳುತ್ತದೆ. ಆದ್ದರಿಂದ ಮೊದಲು ಕಿಟಕಿ ಇಳಿಸಬೇಕು, ವಿದ್ಯುತ್ ಇರುವಾಗಲೇ.

ಜೀವಕ್ಕೆ ಅಪಾಯವಿಲ್ಲದ ನೀರಿನಲ್ಲೂ ಎಂಜಿನ್ ಸಾಯುವುದುಂಟು. 1200 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೇರಿದಾಗ ಒಂದೊಂದು ಸಿಲಿಂಡರಿನಲ್ಲಿ ಉಳಿಯುವ ಜಾಗ ಸುಮಾರು 33 ಮಿ.ಲೀ. ಗಾಳಿಯನ್ನು ಅಷ್ಟಕ್ಕೆ ಹಿಂಡಬಹುದು, ನೀರನ್ನು ಹಿಂಡಲಾಗದು. ಅದಕ್ಕಿಂತ ಕೊಂಚ ಹೆಚ್ಚು ನೀರು ಏರ್ ಫಿಲ್ಟರ್ ದಾಟಿ ಒಳಹೊಕ್ಕರೆ ಪಿಸ್ಟನ್ ತಡೆದು ನಿಂತು, ಅದರ ರಾಡ್ ಬಾಗುತ್ತದೆ. ನೀರಿನಲ್ಲಿ ಆಫ್ ಆದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಿದವರ ಕ್ಲೇಮಿಗೆ ವಿಮಾ ಕಂಪನಿಗಳು ತಕರಾರು ತೆಗೆಯುವುದು ಈ ಹಂತದಲ್ಲೇ; ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇರೆಯೇ ಕೊಳ್ಳಬೇಕು. ಒಳ್ಳೆಯ ಮೆಕ್ಯಾನಿಕ್ ಕೀಲಿ ಮುಟ್ಟುವುದಿಲ್ಲ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಪಾನಾ ಹಾಕಿ ಎಂಜಿನನ್ನು ಕೈಯಲ್ಲೇ ತಿರುಗಿಸುತ್ತಾನೆ. ನೀರಿದ್ದರೆ ಆ ತೂತುಗಳಿಂದ ಪಿಚಕ್ಕನೆ ಹೊರಬರುತ್ತದೆ. ಆಮೇಲೆ ಎಣ್ಣೆಯ ಕಡ್ಡಿ ಎಳೆದು ನೋಡುತ್ತಾನೆ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಅಲ್ಲಿಗೂ ಇಳಿದಿದೆ ಎಂದರ್ಥ, ಅದನ್ನು ಪೂರ್ತಿ ಬಸಿಯುವ ತನಕ ಬ್ಯಾಟರಿಯ ತಂತಿ ಜೋಡಿಸುವುದಿಲ್ಲ.