ಬೆವರು ಹರಿದರೂ ಅರಳದ ಮನಸ್ಸು

ನಿಂತಲ್ಲೇ ತುಳಿಯುವ ಸೈಕಲ್. ಅರ್ಧ ಗಂಟೆ ಪೆಡಲ್ ತುಳಿಯಬೇಕು. ತೀರಾ ಸಲೀಸೂ ಅಲ್ಲ, ಉಸಿರುಗಟ್ಟುವಷ್ಟು ಕಷ್ಟವೂ ಅಲ್ಲ. ಪ್ರತಿಯೊಬ್ಬರ ದೇಹ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಶೇ. 60ರಷ್ಟನ್ನು ಬೇಡುವ ಶ್ರಮ. ತುಳಿಯುತ್ತಿರುವಾಗಲೇ ನಡುನಡುವೆ ಒಂದು ಪ್ರಶ್ನೆ: ಈಗ ಹೇಗನ್ನಿಸುತ್ತಿದೆ? ಉತ್ತರವನ್ನು ಅಂಕಿಯಲ್ಲಿ ಹೇಳಬೇಕು. ತುಂಬ ಹಿತವಾಗಿದ್ದರೆ ಪ್ಲಸ್ ಐದು, ತೀರಾ ಹಿಂಸೆಯಾಗಿದ್ದರೆ ಮೈನಸ್ ಐದು, ಎರಡೂ ಅಲ್ಲದಿದ್ದರೆ ಸೊನ್ನೆ.

ಅಮೆರಿಕದಲ್ಲಿ 63 ಮಂದಿಯ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ, ಎಲ್ಲರ ಅಂಕಿಗಳನ್ನು ಕೂಡಿಸಿ ಸರಾಸರಿ ತೆಗೆದರೆ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಸಂಶೋಧಕರು ಅಲ್ಲಿಗೇ ಬಿಡದೆ ಒಬ್ಬೊಬ್ಬರ ಅಂಕಿಗಳನ್ನು ಬಿಡಿಬಿಡಿಯಾಗಿ ನೋಡಿದರು. ಸುಮಾರು ಶೇ. 44ರಷ್ಟು ಜನಕ್ಕೆ ಪೆಡಲ್ ತುಳಿದಷ್ಟೂ ಹಿತ ಹೆಚ್ಚಿತ್ತು. ಸುಮಾರು ಶೇ. 41ರಷ್ಟು ಜನಕ್ಕೆ ಹೊತ್ತು ಕಳೆದಂತೆ ಮನಸ್ಸು ಕುಗ್ಗುತ್ತಲೇ ಹೋಗಿತ್ತು. ಉಳಿದವರಲ್ಲಿ ಬದಲಾವಣೆಯೇ ಇರಲಿಲ್ಲ. ಮೇಲೇರಿದವರೂ ಕೆಳಗಿಳಿದವರೂ ಸೇರಿ ಒಬ್ಬರನ್ನೊಬ್ಬರು ಅಳಿಸಿಹಾಕಿದ್ದರಿಂದ ಸರಾಸರಿ ಸಪಾಟಾಗಿ ಕಂಡಿತ್ತು.

“ವ್ಯಾಯಾಮ ಮಾಡಿ, ಮನಸ್ಸು ಹಗುರಾಗುತ್ತೆ” ಎಂಬ ಮಾತು ವೈದ್ಯರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರ ಬಾಯಲ್ಲೂ ಇದೆ. ಅದನ್ನು ನಂಬಿ ತಿಂಗಳುಗಟ್ಟಲೆ ನಡೆದು, ಓಡಿ, ಜಿಮ್‌ಗೆ ಹೋಗಿ, ಒಂದು ದಿನವೂ ಆ ಹಗುರತನ ಕಾಣದವರು ತಮ್ಮಲ್ಲೇ ಏನೋ ಐಬಿದೆ ಎಂದುಕೊಳ್ಳುತ್ತಾರೆ. ಮನಸ್ಸಿಟ್ಟು ಮಾಡುತ್ತಿಲ್ಲ ಎಂದು ಬೇರೆಯವರು ಆಡಿಕೊಂಡರೆ ನೋವು ಇನ್ನೂ ಜಾಸ್ತಿ. ಇವರ ಅನುಭವ ಸುಳ್ಳಲ್ಲ. ಅದಕ್ಕೆ ದೇಹದೊಳಗೇ ಕಾರಣಗಳಿವೆ, ಮತ್ತು ಆ ಕಾರಣಗಳು ಎಲ್ಲರಲ್ಲೂ ಒಂದೇ ಅಲ್ಲ.

ವ್ಯಾಯಾಮದ ಖುಷಿಯ ಮಾತು ಬಂದರೆ ಎಂಡಾರ್ಫಿನ್ ಹೆಸರು ಬಂದೇ ಬರುತ್ತದೆ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಜ್, ಮಿದುಳು ತಾನೇ ತಯಾರಿಸಿಕೊಳ್ಳುವ, ಅಫೀಮಿನಂತೆ ನೋವು ತಗ್ಗಿಸುವ ವಸ್ತುವನ್ನು ಗುರುತಿಸಿದರು; ಇಂಥ ವಸ್ತುಗಳಿಗೆ ಒಟ್ಟಾಗಿ ಎಂಡಾರ್ಫಿನ್ ಎಂಬ ಹೆಸರು ಬಂತು. ಅದೇ ದಶಕದಲ್ಲಿ ಅಮೆರಿಕದ ಬೀದಿಗಳಲ್ಲಿ ಓಟದ ಹುಚ್ಚು ಹಬ್ಬಿತ್ತು. ಬಹುದೂರ ಓಡಿದವರು ತಮಗೆ ಏನೋ ಒಂದು ಬಗೆಯ ಉನ್ಮಾದ ಆಗುತ್ತದೆ ಎನ್ನುತ್ತಿದ್ದರು. ಓಡಿದವರ ರಕ್ತ ಪರೀಕ್ಷಿಸಿದರೆ ಎಂಡಾರ್ಫಿನ್ ಏರಿದ್ದೂ ಕಾಣುತ್ತಿತ್ತು. ಎರಡನ್ನೂ ಜೋಡಿಸಿದ್ದಾಯಿತು, ಕತೆ ಊರೆಲ್ಲ ಹಬ್ಬಿತು.

ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಮಿದುಳಿನ ಕಾವಲುಗೋಡೆಯನ್ನು ಸುಲಭವಾಗಿ ದಾಟುವುದಿಲ್ಲ. 2008ರಲ್ಲಿ ಜರ್ಮನಿಯ ವಿಜ್ಞಾನಿಗಳು ಎರಡು ಗಂಟೆ ಓಡಿದ ಹತ್ತು ಮಂದಿ ಓಟಗಾರರ ಮಿದುಳನ್ನು ಪೆಟ್ ಸ್ಕ್ಯಾನ್ ಮಾಡಿ, ಮಿದುಳಿನೊಳಗೂ ಇಂಥ ವಸ್ತುಗಳು ಬಿಡುಗಡೆಯಾಗುವ ಸುಳಿವು ಕಂಡರು. ಗಮನಿಸಬೇಕಾದ್ದು: ಅವರೆಲ್ಲ ಪಳಗಿದ ಓಟಗಾರರು, ಓಡಿದ್ದು ಎರಡು ಗಂಟೆ. ಸಂಜೆ ಅರ್ಧ ಗಂಟೆ ಕೆರೆ ಸುತ್ತು ಹಾಕುವವರಿಗೆ ಆ ಲೆಕ್ಕ ಅನ್ವಯಿಸುತ್ತದೆ ಎನ್ನಲು ಆಧಾರವಿಲ್ಲ. ಮುಂದೆ 2021ರಲ್ಲಿ ಹ್ಯಾಂಬರ್ಗ್‌ನ ಯೊಹಾನಸ್ ಫುಸ್ ಅವರ ತಂಡ, ಎಂಡಾರ್ಫಿನ್ ಕೆಲಸವನ್ನು ತಡೆಯುವ ನಾಲ್ಟ್ರೆಕ್ಸೋನ್ ಮಾತ್ರೆ ಕೊಟ್ಟು ಜನರನ್ನು 45 ನಿಮಿಷ ಟ್ರೆಡ್‌ಮಿಲ್ ಮೇಲೆ ಓಡಿಸಿತು. ಮಾತ್ರೆ ನುಂಗಿದವರಿಗೂ ಓಟದ ಬಳಿಕ ಖುಷಿ ಬಂತು, ಆತಂಕ ತಗ್ಗಿತು. ಅಲ್ಲಿಗೆ ಎಂಡಾರ್ಫಿನ್ನೇ ಎಲ್ಲದರ ಮೂಲ ಎಂಬ ವಾದ ಸಡಿಲವಾಯಿತು.

ಈಗ ಹೆಚ್ಚು ಗಮನ ಇರುವುದು ಎಂಡೋಕ್ಯಾನಬಿನಾಯ್ಡ್‌ಗಳ ಮೇಲೆ. ಗಾಂಜಾದಲ್ಲಿರುವ ಅಂಶಗಳು ಮಿದುಳಿನ ಯಾವ ಬಾಗಿಲು ತಟ್ಟುತ್ತವೆಯೋ, ಅದೇ ಬಾಗಿಲು ತಟ್ಟುವ, ದೇಹವೇ ತಯಾರಿಸುವ ಕೊಬ್ಬಿನಂಶದ ಅಣುಗಳಿವು. ಮಿದುಳಿನ ಕಾವಲುಗೋಡೆಯನ್ನು ಇವು ಸಲೀಸಾಗಿ ದಾಟುತ್ತವೆ. 2003ರಲ್ಲಿ ಅಮೆರಿಕದ ಕಾಲೇಜು ಹುಡುಗರು 50 ನಿಮಿಷ ಮಧ್ಯಮ ವೇಗದಲ್ಲಿ ಓಡಿದಾಗ, ಸೈಕಲ್ ತುಳಿದಾಗ ರಕ್ತದಲ್ಲಿ ಇವುಗಳ ಪ್ರಮಾಣ ಏರಿದ್ದು ದಾಖಲಾಯಿತು. ಸಂಶೋಧಕ ಡೇವಿಡ್ ರೈಕ್ಲೆನ್ ಅವರ ತಂಡದ ಮುಂದಿನ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ತೀರಾ ನಿಧಾನದ ನಡಿಗೆಯಲ್ಲಿ ಇವು ಏರಲಿಲ್ಲ, ತೀರಾ ಬಿರುಸಿನ ಓಟದಲ್ಲೂ ಏರಲಿಲ್ಲ. ನಡುವಿನ ಒಂದು ಹದಕ್ಕೆ ಮಾತ್ರ ಏರಿದವು.

ಆ ಹದ ಸಿಗುವುದೇ ಕೆಲವರಿಗೆ ಕಷ್ಟ. ಸಾರಿನ ಖಾರ ಒಬ್ಬರಿಗೆ ರುಚಿ, ಪಕ್ಕದಲ್ಲಿ ಕೂತವರಿಗೆ ಕಣ್ಣಲ್ಲಿ ನೀರು ಬರಿಸುವಂತೆ, ಒಂದೇ ವೇಗ ಎರಡು ದೇಹಗಳಿಗೆ ಎರಡು ಬೇರೆ ಶ್ರಮ.

ಪ್ಯಾಂಟೆಲೈಮನ್ ಎಕ್ಕೆಕಾಕಿಸ್ ಎಂಬ ಸಂಶೋಧಕರು ದಶಕಗಳಿಂದ ಈ ಒಂದೇ ವಿಷಯದ ಹಿಂದೆ ಬಿದ್ದಿದ್ದಾರೆ. ಮೊದಲು ಹೇಳಿದ 63 ಮಂದಿಯ ಸೈಕಲ್ ಪ್ರಯೋಗದ ತಂಡದಲ್ಲೂ ಅವರಿದ್ದರು. ಅವರ ವಿವರಣೆಯ ತಿರುಳು ಇದು. ಶ್ರಮ ಹೆಚ್ಚುತ್ತಾ ಹೋದಂತೆ ಒಂದು ಘಟ್ಟದಲ್ಲಿ ಉಸಿರಾಟ ಇದ್ದಕ್ಕಿದ್ದಂತೆ ಜೋರಾಗುತ್ತದೆ. ಸ್ನಾಯುಗಳು ಆಮ್ಲಜನಕದ ನೆರವಿಲ್ಲದೆ ಶಕ್ತಿ ಉತ್ಪಾದಿಸುವ ದಾರಿಯನ್ನು ಹೆಚ್ಚಾಗಿ ಹಿಡಿಯುತ್ತವೆ, ರಕ್ತದಲ್ಲಿ ಲ್ಯಾಕ್ಟೇಟ್ ಶೇಖರವಾಗುತ್ತದೆ. ಆ ಘಟ್ಟದ ಕೆಳಗೆ ಬಹುತೇಕರಿಗೆ ಹಿತವೇ. ಘಟ್ಟದ ಆಸುಪಾಸಿನಲ್ಲಿ ಜನ ಬೇರೆಬೇರೆ ದಿಕ್ಕು ಹಿಡಿಯುತ್ತಾರೆ. ಒಬ್ಬರಿಗೆ ಸವಾಲು ಎನಿಸಿದ್ದು ಮತ್ತೊಬ್ಬರಿಗೆ ಶಿಕ್ಷೆ ಎನಿಸುತ್ತದೆ. ಘಟ್ಟ ದಾಟಿದ ಮೇಲೆ ಹೆಚ್ಚುಕಡಿಮೆ ಎಲ್ಲರಿಗೂ ಹಿಂಸೆ. ಏದುಸಿರು, ಎದೆಬಡಿತ, ತೊಡೆಯ ಉರಿ ಇವೆಲ್ಲ ನೇರವಾಗಿ ಮಿದುಳಿಗೆ “ನಿಲ್ಲಿಸು” ಎಂದು ಹೇಳುತ್ತಿರುವಾಗ ಒಳ್ಳೆಯ ಆಲೋಚನೆಗಳಿಂದ ಅದನ್ನು ಮುಚ್ಚಲಾಗುವುದಿಲ್ಲ. ನಿಲ್ಲಿಸಿದ ತಕ್ಷಣ ಒಂದಿಷ್ಟು ಹಾಯೆನಿಸುವುದುಂಟು. ಅದು ಕಷ್ಟ ಕಳೆದ ಸಮಾಧಾನ.

ಕೂತೇ ಕೆಲಸ ಮಾಡುವ, ವರ್ಷಗಟ್ಟಲೆ ಮೈ ಬಗ್ಗಿಸದ ವ್ಯಕ್ತಿಗೆ ಆ ಘಟ್ಟ ಬಹಳ ಕೆಳಗಿರುತ್ತದೆ. ಎರಡು ಮಹಡಿ ಹತ್ತುವಷ್ಟರಲ್ಲಿ ದಾಟಿಹೋಗಬಹುದು. ಜತೆಗಾರರಿಗೆ ಹರಟೆ ಹೊಡೆಯುತ್ತಾ ಸಾಗುವ ಬೆಳಗಿನ ವಾಕಿಂಗ್, ಅವರ ಸಮಕ್ಕೆ ಹೆಜ್ಜೆ ಹಾಕುವ ಇವರಿಗೆ ಓಟದ ಪಂದ್ಯ. ಎಕ್ಕೆಕಾಕಿಸ್ ಮತ್ತು ಎರಿಕ್ ಲಿಂಡ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಮಹಿಳೆಯರು 20 ನಿಮಿಷ ಟ್ರೆಡ್‌ಮಿಲ್ ಮೇಲೆ ಮೊದಲು ತಮಗೆ ಬೇಕಾದ ವೇಗದಲ್ಲಿ ನಡೆದರು. ಮತ್ತೊಂದು ದಿನ ಅದೇ ವೇಗಕ್ಕೆ ಶೇ. 10ರಷ್ಟು ಸೇರಿಸಿ ನಡೆಸಲಾಯಿತು. ತೂಕ ಹದವಾಗಿದ್ದವರಿಗೆ ಅದರಿಂದ ಅಂಥ ವ್ಯತ್ಯಾಸವಾಗಲಿಲ್ಲ. ತೂಕ ಹೆಚ್ಚಿದ್ದವರ ಹಿತ ಇಳಿದುಹೋಯಿತು. ಬರೀ ಶೇ. 10! ಜಿಮ್‌ನಲ್ಲಿ ಟ್ರೇನರ್ ಹುರಿದುಂಬಿಸುತ್ತಾ ಟ್ರೆಡ್‌ಮಿಲ್ಲಿನ ಗುಂಡಿಯನ್ನು ನಾಲ್ಕಾರು ಸಲ ಒತ್ತಿದರೆ ಸಾಕು, ಅಷ್ಟಾಗುತ್ತದೆ. ಮಾರನೆಯ ವಾರದಿಂದ ಆ ವ್ಯಕ್ತಿ ಬರದೇ ಹೋಗಬಹುದು. ಬೆನ್ನುತಟ್ಟುವ ಭರದಲ್ಲಿ ಇಂಥವರನ್ನು ಓಡಿಸಿಬಿಡುವುದು ವ್ಯಾಯಾಮ ಹೇಳಿಕೊಡುವವರು ಗಂಭೀರವಾಗಿ ಯೋಚಿಸಬೇಕಾದ ಸಂಗತಿ.

ಹಾಗಾದರೆ ರೂಢಿ ಮಾಡಿಕೊಂಡರೆ ಆ ಘಟ್ಟ ಮೇಲೇರುವುದಿಲ್ಲವೇ? ಬಹುತೇಕರಿಗೆ ಏರುತ್ತದೆ, ಎಲ್ಲರಿಗೂ ಒಂದೇ ಸಮನಾಗಿ ಅಲ್ಲ. ಕ್ಲೋಡ್ ಬೂಶಾರ್ ಮುಂದಾಳತ್ವದ ‘ಹೆರಿಟೇಜ್’ ಅಧ್ಯಯನದಲ್ಲಿ ವ್ಯಾಯಾಮದ ಅಭ್ಯಾಸವಿಲ್ಲದ ಕುಟುಂಬಗಳನ್ನು 20 ವಾರ ಒಂದೇ ಬಗೆಯ ತರಬೇತಿಗೆ ಒಳಪಡಿಸಲಾಯಿತು. 1999ರಲ್ಲಿ ಪ್ರಕಟವಾದ ವರದಿಯಲ್ಲಿ 98 ಕುಟುಂಬಗಳ 481 ಮಂದಿಯ ಲೆಕ್ಕವಿದೆ. ದೇಹ ಬಳಸಬಲ್ಲ ಆಮ್ಲಜನಕ ಸರಾಸರಿ ನಿಮಿಷಕ್ಕೆ 400 ಮಿಲಿಲೀಟರ್‌ನಷ್ಟು ಹೆಚ್ಚಿತ್ತು. ಕೆಲವರಲ್ಲಿ ಒಂದು ಲೀಟರಿಗೂ ಮೀರಿದ ಏರಿಕೆ, ಕೆಲವರಲ್ಲಿ ಬಹುತೇಕ ಸೊನ್ನೆ. ಈ ವ್ಯತ್ಯಾಸದ ಅರ್ಧಕ್ಕೆ ಹತ್ತಿರದ ಪಾಲು ವಂಶದಿಂದ ಬಂದದ್ದೆಂದು ಅಂದಾಜಿಸಲಾಯಿತು. ಐದು ತಿಂಗಳು ತಪ್ಪದೆ ಬೆವರು ಹರಿಸಿಯೂ ಮೊದಲ ದಿನದಷ್ಟೇ ಏದುಸಿರು ಬಿಡುವವರು ಇದ್ದಾರೆ ಎಂದಾಯಿತು.

ನೆದರ್ಲೆಂಡ್ಸ್‌ನ ಅವಳಿಗಳ ಅಧ್ಯಯನ ಇನ್ನೂ ಸೂಕ್ಷ್ಮವಾದ ಪ್ರಶ್ನೆ ಎತ್ತುತ್ತದೆ. ವ್ಯಾಯಾಮ ಮಾಡುವವರಲ್ಲಿ ಆತಂಕ, ಖಿನ್ನತೆ ಕಡಿಮೆ ಎಂಬುದು ಜನಸಮೂಹದ ಮಟ್ಟದಲ್ಲಿ ನಿಜ. 2008ರಲ್ಲಿ ಅಲ್ಲಿನ ತಂಡ ತದ್ರೂಪಿ ಅವಳಿಗಳನ್ನು ಹೋಲಿಸಿತು: ಒಬ್ಬರು ಹೆಚ್ಚು ವ್ಯಾಯಾಮ ಮಾಡುವವರು, ಇನ್ನೊಬ್ಬರು ಕಡಿಮೆ. ಹೆಚ್ಚು ಮಾಡಿದವರಲ್ಲಿ ಆತಂಕ, ಖಿನ್ನತೆಯ ಲಕ್ಷಣಗಳು ಕಡಿಮೆ ಇರಲಿಲ್ಲ. ಕೆಲವರ ಹುಟ್ಟುಗುಣವೇ ಅವರನ್ನು ಮೈದಾನಕ್ಕೂ ಎಳೆಯುತ್ತದೆ, ಲವಲವಿಕೆಯಲ್ಲೂ ಇಡುತ್ತದೆ ಎಂಬುದು ಅವರ ವಿವರಣೆ. ಇದು ತಾವಾಗಿ ಮಾಡುವ ವ್ಯಾಯಾಮದ ಮಾತು. ಚಿಕಿತ್ಸೆಯೆಂದು ಮಾಡಿಸುವ ವ್ಯಾಯಾಮದ ಲೆಕ್ಕ ಬೇರೆ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 218 ಅಧ್ಯಯನಗಳನ್ನು, 14,170 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಪ್ರಕಟಿಸಿತು. ಖಿನ್ನತೆ ಇರುವವರಿಗೆ ನಡಿಗೆ, ಓಟ, ಯೋಗ, ಭಾರ ಎತ್ತುವ ವ್ಯಾಯಾಮಗಳಿಂದ ಗಮನಾರ್ಹ ಅನುಕೂಲವಾಗಿದ್ದು ಅಲ್ಲಿ ಕಾಣುತ್ತದೆ. ಹಾಗಾಗಿ ವ್ಯಾಯಾಮವನ್ನು ತಳ್ಳಿಹಾಕುವಂತಿಲ್ಲ. ಆದರೆ ಇದೂ ಸರಾಸರಿಯೇ, ಮತ್ತು ಸರಾಸರಿಯೊಳಗೆ ಏನೇನು ಅಡಗಿರಬಹುದು ಎಂಬುದನ್ನು ಸೈಕಲ್ ಪ್ರಯೋಗ ತೋರಿಸಿದೆ.

ಕೆಲವರ ವಿಷಯದಲ್ಲಿ ಕಾರಣ ಕಾಯಿಲೆ. 1951ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಬ್ರಯನ್ ಮೆಕಾರ್ಡಲ್ 30 ವರ್ಷದ ರೋಗಿಯೊಬ್ಬನ ವಿಷಯ ಬರೆದರು. ಬಾಲ್ಯದಿಂದಲೂ ಸ್ವಲ್ಪ ಶ್ರಮಪಟ್ಟರೂ ಅವನ ಸ್ನಾಯುಗಳು ನೋಯುತ್ತಿದ್ದವು, ಬಿಗಿಯುತ್ತಿದ್ದವು. ಮೆಕಾರ್ಡಲ್ ಅವನ ಕೈಗೆ ವ್ಯಾಯಾಮ ಕೊಟ್ಟು ರಕ್ತ ಪರೀಕ್ಷಿಸಿದರು. ಯಾರಿಗಾದರೂ ಏರಬೇಕಾದ ಲ್ಯಾಕ್ಟೇಟ್ ಅವನಲ್ಲಿ ಏರಲೇ ಇಲ್ಲ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ನನ್ನು ಒಡೆದು ಬಳಸಲು ಬೇಕಾದ ಕಿಣ್ವ ಅಂಥವರಲ್ಲಿ ಇರುವುದಿಲ್ಲ ಎಂಬುದು 1959ರಲ್ಲಿ ಖಚಿತವಾಯಿತು. ದೇಹದೊಳಗೆ ಇಂಧನವಿದೆ, ಬಳಸುವ ದಾರಿಯಿಲ್ಲ. ಈಗ ಮೆಕಾರ್ಡಲ್ ಕಾಯಿಲೆ ಎಂದೇ ಹೆಸರಾದ ಇದು ತೀರಾ ಅಪರೂಪ. ಇದಿರುವ ಎಷ್ಟೋ ಮಕ್ಕಳು ಆಟದ ಮೇಷ್ಟ್ರ ಕಣ್ಣಿಗೆ ಸೋಮಾರಿಗಳಾಗಿ ಕಂಡು ಬೆಳೆದಿದ್ದಾರೆ.

ಅಪರೂಪವಲ್ಲದ ಕಾರಣಗಳು ನಮ್ಮ ಮನೆಗಳಲ್ಲೇ ಇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ ರಕ್ತಹೀನತೆ. ಇಡೀ ದೇಶದ ಲೆಕ್ಕ ಶೇ. 57. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದರೆ ಸ್ನಾಯುಗಳಿಗೆ ತಲುಪುವ ಆಮ್ಲಜನಕವೂ ಕಡಿಮೆ. ಅಂಥ ಹೆಣ್ಣುಮಗಳಿಗೆ ಬೆಳಗಿನ ವಾಕಿಂಗ್ ಉಲ್ಲಾಸ ತರಲಿಲ್ಲವೆಂದರೆ ಆಶ್ಚರ್ಯವೇನು? ಅವಳಿಗೆ ಮೊದಲು ಬೇಕಾದ್ದು ರಕ್ತಪರೀಕ್ಷೆ, ಕಬ್ಬಿಣಾಂಶ. ಥೈರಾಯ್ಡ್ ಕೊರತೆ ಇದ್ದರೂ ಹೀಗೇ ಮೈ ಭಾರ, ಬೇಗ ಸುಸ್ತು. ಬಿಪಿಗೆಂದು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎದೆಬಡಿತ ಒಂದು ಮಟ್ಟಕ್ಕಿಂತ ಏರದ ಕಾರಣ ಸುಸ್ತು ಬೇಗ ಬರಬಹುದು. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರ ಬಳಿ ಮಾತಾಡಬೇಕು. ಇನ್ನು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು, ಯಾವುದರಲ್ಲೂ ಖುಷಿ ಕಾಣದಿರುವುದು. ಊಟ, ಹಾಡು, ಮೊಮ್ಮಗುವಿನ ನಗೆ ಯಾವುದೂ ತಟ್ಟದ ಸ್ಥಿತಿಯಲ್ಲಿರುವವರಿಗೆ ನಡಿಗೆಯೊಂದು ಮಾತ್ರ ತಟ್ಟಲಿ ಎಂದು ನಿರೀಕ್ಷಿಸುವುದು ಅನ್ಯಾಯ.

ವ್ಯಾಯಾಮವೇ ಹಾನಿ ಮಾಡುವ ಕಾಯಿಲೆಯೂ ಇದೆ. ಎಂಇ ಅಥವಾ ಸಿಎಫ್‌ಎಸ್ ಎಂದು ಕರೆಯುವ, ವರ್ಷಗಟ್ಟಲೆ ಬಳಲಿಸುವ ರೋಗದಲ್ಲಿ ಸ್ವಲ್ಪ ಹೆಚ್ಚು ಓಡಾಡಿದರೂ ಮಾರನೆಯ ದಿನವೋ ಅದರ ಮಾರನೆಯ ದಿನವೋ ರೋಗಿ ಹಾಸಿಗೆ ಹಿಡಿಯಬಹುದು. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆಯನ್ನು, ವೈದ್ಯಕೀಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ‘ನೈಸ್’ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ ಸೂಚಿಸಿತ್ತು. 2021ರಲ್ಲಿ ಅದನ್ನು ಕೈಬಿಟ್ಟಿತು. ಕೋವಿಡ್ ಬಂದು ಹೋಗಿ ತಿಂಗಳುಗಳಾದರೂ ಚೇತರಿಸದ ಕೆಲವರಲ್ಲೂ ಇದೇ ಪಾಡು. 2024ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವಿಜ್ಞಾನಿಗಳು ಅಂಥ 25 ರೋಗಿಗಳಿಗೆ ಸೈಕಲ್ ತುಳಿಸಿ, ಮೊದಲೂ ನಂತರವೂ ಸ್ನಾಯುವಿನ ಚೂರು ತೆಗೆದು ನೋಡಿದರು. ಶ್ರಮದ ಬಳಿಕ ಸ್ನಾಯುವಿನೊಳಗಿನ ಹಾನಿ ಹೆಚ್ಚಿದ್ದು ಸೂಕ್ಷ್ಮದರ್ಶಕದಲ್ಲಿ ಕಂಡಿತು. “ಸ್ವಲ್ಪ ಓಡಾಡಿ, ಸರಿಹೋಗುತ್ತೆ” ಎಂಬ ಸದುದ್ದೇಶದ ಮಾತು ಇವರ ಪಾಲಿಗೆ ಅಪಾಯ.

ಕಾಯಿಲೆ ಏನೂ ಇಲ್ಲ, ಹದ ತಪ್ಪಿಲ್ಲ, ಆದರೂ ಖುಷಿಯಿಲ್ಲ ಎನ್ನುವವರು ಮಾಡುವ ಶ್ರಮ ವ್ಯರ್ಥವೇ? ಈ ಪ್ರಶ್ನೆಗೆ ಲಂಡನ್ನಿನ ಬಸ್ಸುಗಳಲ್ಲಿ ಉತ್ತರವಿದೆ. ಸಂಶೋಧಕ ಜೆರೆಮಿ ಮಾರಿಸ್ 1953ರಲ್ಲಿ ಅಲ್ಲಿನ ಸುಮಾರು 31,000 ಸಾರಿಗೆ ನೌಕರರ ಹೃದ್ರೋಗದ ಲೆಕ್ಕ ಪ್ರಕಟಿಸಿದರು. ಡಬಲ್ ಡೆಕರ್ ಬಸ್ಸಿನ ಡ್ರೈವರ್ ದಿನವಿಡೀ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿಳಿಯುತ್ತಿದ್ದ. ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಇತ್ತು, ಬಂದವರಿಗೂ ತಡವಾಗಿ ಬಂದಿತ್ತು. ಡ್ರೈವರುಗಳು ಮೊದಲಿನಿಂದಲೇ ದಪ್ಪಗಿದ್ದರೇನೋ ಎಂಬ ಅನುಮಾನ ಬಂದಾಗ ಮಾರಿಸ್ ಅವರ ಸಮವಸ್ತ್ರದ ಸೊಂಟದ ಅಳತೆಗಳನ್ನೂ ತರಿಸಿ ನೋಡಿದರು; ಅನುಮಾನದಲ್ಲಿ ಸ್ವಲ್ಪ ಹುರುಳೂ ಇತ್ತು. ಆ ಬಳಿಕ ಸರ್ಕಾರಿ ನೌಕರರ ಮೇಲೆ ಅವರು ನಡೆಸಿದ ದೀರ್ಘ ಅಧ್ಯಯನದಲ್ಲೂ ಬಿರುಸಾಗಿ ಮೈದಣಿಸುವವರಿಗೆ ಹೃದಯಾಘಾತ ಕಡಿಮೆ ಎಂಬುದು ಗಟ್ಟಿಯಾಯಿತು. ಕಂಡಕ್ಟರುಗಳು ಮೆಟ್ಟಿಲು ಹತ್ತಿದ್ದು ಟಿಕೆಟ್ ಕೊಡಲು, ಸಂಬಳಕ್ಕಾಗಿ; ಖುಷಿಗಾಗಿ ಅಲ್ಲ. ಖುಷಿ ಕೊಡದ ಶ್ರಮವೂ ವ್ಯರ್ಥವಲ್ಲ.

ಹಾಗಿದ್ದೂ ಹಿತವಿಲ್ಲದ ಕೆಲಸವನ್ನು ವರ್ಷಗಟ್ಟಲೆ ಮುಂದುವರಿಸುವುದು ಕಷ್ಟ. ರಯನ್ ರೋಡ್ಸ್ ಮತ್ತು ಆಂಡ್ರೂ ಕೇಟ್ಸ್ 2015ರಲ್ಲಿ ಈ ಬಗೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ಮುಂದೆಯೂ ವ್ಯಾಯಾಮ ಮಾಡುವರೋ ಇಲ್ಲವೋ ಎಂಬುದರೊಂದಿಗೆ ನಂಟು ಕಂಡದ್ದು ಮಾಡುತ್ತಿರುವಾಗಿನ ಅನುಭವಕ್ಕೆ. ಮುಗಿಸಿದ ಮೇಲಿನದ್ದಕ್ಕೆ ಅಂಥ ನಂಟು ಕಾಣಲಿಲ್ಲ. ಆದ್ದರಿಂದ ವೇಗವನ್ನು ತಾವೇ ಆರಿಸಿಕೊಳ್ಳುವುದು, ಮಾತಾಡಲು ಉಸಿರು ಉಳಿಯುವಷ್ಟಕ್ಕೇ ನಿಲ್ಲುವುದು ಒಳ್ಳೆಯದು. ಇನ್ನೊಂದು ಉಪಾಯವನ್ನು ಜಾಕರಿ ಜೆಂಕೊ, ಎಕ್ಕೆಕಾಕಿಸ್ ಮತ್ತು ಡ್ಯಾನ್ ಏರಿಯಲಿ 2016ರಲ್ಲಿ 46 ಮಂದಿಯ ಮೇಲೆ ಪರೀಕ್ಷಿಸಿದರು. ಎಲ್ಲರೂ 15 ನಿಮಿಷ ಸೈಕಲ್ ತುಳಿದರು. ಅರ್ಧದಷ್ಟು ಜನ ವಾಡಿಕೆಯಂತೆ ಹಗುರಾಗಿ ಆರಂಭಿಸಿ ಕೊನೆಗೆ ಬಿರುಸಾದರು. ಉಳಿದವರು ಬಿರುಸಿನಿಂದ ಆರಂಭಿಸಿ ಹಂತಹಂತವಾಗಿ ಹಗುರ ಮಾಡುತ್ತಾ ಬಂದರು. ಒಟ್ಟು ಶ್ರಮ ಎರಡೂ ಕಡೆ ಒಂದೇ. ಎರಡನೆಯ ಗುಂಪಿನವರಿಗೆ ವ್ಯಾಯಾಮ ಹೆಚ್ಚು ಹಿತವೆನಿಸಿತು, ಮತ್ತೆ ಮಾಡಿದರೂ ಹಿತವಾಗಿಯೇ ಇರುತ್ತದೆ ಎಂಬ ನಿರೀಕ್ಷೆಯೂ ಅವರಲ್ಲಿ ಹೆಚ್ಚಿತ್ತು.